ನುಡಿ ಫೈಲುಗಳನ್ನು ಯೂನಿಕೋಡ್ ಮಾಡಿ ತರಗತಿಗೆ ತಂದ ಕಥೆ

ಗೂಗಲ್ ಫಾರ್ಮ್ಸ್, ಪ್ಲಿಕರ್ಸ್, ಕ್ವಿಜಿಜ್ ಎಂದು, ಮಕ್ಕಳಿಗೆ ಪ್ರಶ್ನೆ ಕೇಳಿ ಉತ್ತರ ಪಡೆಯುವ ಡಿಜಿಟಲ್ ಸಾಧನಗಳ ಬಗ್ಗೆ ಶಿಕ್ಷಕರಿಗಾಗಿ ಯೂಟ್ಯೂಬಿನಲ್ಲಿ ಬರುವ ವಿಡಿಯೊಗಳೆಲ್ಲ ಒಂದೇ ಮಾತಿನಿಂದ ಶುರುವಾಗುತ್ತವೆ: "ಮೊದಲು ನಿಮ್ಮ ಪ್ರಶ್ನೆಗಳನ್ನು ಇಲ್ಲಿ ಪೇಸ್ಟ್ ಮಾಡಿ." ನನ್ನ ಒದ್ದಾಟ ಶುರುವಾದದ್ದೇ ಅಲ್ಲಿಂದ.

ನಾನು ಬಯಲುಸೀಮೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವವಳು. ನನ್ನ ಬಳಿ ಪ್ರಶ್ನೆಗಳಿಗೆ ಬರವಿರಲಿಲ್ಲ. ನನಗಿಂತ ಮೊದಲು ಇಲ್ಲಿದ್ದ ವಿಜ್ಞಾನ ಮೇಷ್ಟ್ರು ನಿವೃತ್ತರಾಗುವಾಗ ಒಂದು ಪೆನ್‌ಡ್ರೈವ್ ಕೊಟ್ಟು ಹೋಗಿದ್ದರು. ಎಂಟರಿಂದ ಹತ್ತನೇ ತರಗತಿವರೆಗಿನ ಘಟಕ ಪರೀಕ್ಷೆಗಳು, ಎಫ್‌ಎ, ಎಸ್‌ಎ ಎಂಬ ರೂಪಣಾತ್ಮಕ, ಸಂಕಲನಾತ್ಮಕ ಪರೀಕ್ಷೆಗಳ ಪತ್ರಿಕೆಗಳು, ಎಸ್ಸೆಸ್ಸೆಲ್ಸಿ ಮಕ್ಕಳಿಗೆಂದು ಮಾಡಿದ ಪಾಸಿಂಗ್ ಪ್ಯಾಕೇಜ್, ಪ್ರತಿಭಾ ಕಾರಂಜಿಯ ರಸಪ್ರಶ್ನೆ, ಎಲ್ಲ ಅದರಲ್ಲಿತ್ತು. ಅದಕ್ಕೆ ನನ್ನವೂ ವರ್ಷಗಟ್ಟಲೆ ಸೇರಿಕೊಂಡಿದ್ದವು. ಅದರಿಂದ ಒಂದು ಪ್ರಶ್ನೆ ಎತ್ತಿ ಗೂಗಲ್ ಫಾರ್ಮಿಗೆ ಪೇಸ್ಟ್ ಮಾಡಿದೆ. ಕನ್ನಡದ ಒಂದಕ್ಷರವೂ ಕಾಣಲಿಲ್ಲ. 'ನ' ಇರಬೇಕಾದ ಕಡೆಯಲ್ಲೆಲ್ಲ ಬ್ರಿಟನ್ನಿನ ಪೌಂಡ್ ಚಿಹ್ನೆ. ಉಳಿದದ್ದೆಲ್ಲ ತಲೆಯ ಮೇಲೆ ಗೀಟು, ಚುಕ್ಕೆ ಹೊತ್ತ ಯಾವುದೋ ಯುರೋಪಿನ ಅಕ್ಷರಗಳು.

ಕಾರಣ ಗೊತ್ತಿದ್ದವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಬಹುದು. ಆ ಕಡತಗಳೆಲ್ಲ ಕನ್ನಡ ಟೈಪ್ ಮಾಡುವ 'ನುಡಿ' ತಂತ್ರಾಂಶದಲ್ಲಿ ಮಾಡಿದವು. ಕನ್ನಡ ಗಣಕ ಪರಿಷತ್ತು ರೂಪಿಸಿದ ಈ ತಂತ್ರಾಂಶ ನಮ್ಮ ಕಚೇರಿ, ಶಾಲೆಗಳಲ್ಲೆಲ್ಲ ಬೇರುಬಿಟ್ಟ ಕಾಲದಲ್ಲಿ ಕಂಪ್ಯೂಟರಿನೊಳಗೆ ಕನ್ನಡಕ್ಕೆ ಪ್ರತ್ಯೇಕ ಜಾಗ ಬಳಕೆಗೆ ಬಂದಿರಲಿಲ್ಲ. ಹಾಗಾಗಿ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಕನ್ನಡದ ಮುಖವಾಡ ತೊಡಿಸಿದ್ದರು. ನುಡಿ ಫಾಂಟ್ ಇರುವಷ್ಟು ಹೊತ್ತು ಅದು ಕನ್ನಡ. ಫಾಂಟ್ ಬದಲಾದರೆ ಮುಖವಾಡ ಕಳಚಿ ಬೀಳುತ್ತದೆ. ಬೇರೆಬೇರೆ ಭಾಷೆಗಳ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಯೂನಿಕೋಡ್ ವ್ಯವಸ್ಥೆ ಬಂದಮೇಲೆ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ವಿಭಾಗ ಸಿಕ್ಕಿತು. ಮೊಬೈಲು, ಜಾಲತಾಣ, ಫಾರ್ಮ್ಸ್, ವಾಟ್ಸಾಪ್, ಇವೆಲ್ಲಕ್ಕೂ ಅರ್ಥವಾಗುವುದು ಅದೊಂದೇ. 'ಬರಹ' ಎಂಬ ಇನ್ನೊಂದು ಕನ್ನಡ ತಂತ್ರಾಂಶದ ಹಳೆಯ ಬಿಆರ್‌ಎಚ್ ಫಾಂಟುಗಳಲ್ಲಿರುವ ಕಡತಗಳ ಗತಿಯೂ ಇದೇ, ಸಂಕೇತ ವ್ಯವಸ್ಥೆಯೂ ನುಡಿಯದೇ.

ನಿಮ್ಮ ಕಡತ ಯಾವ ಜಾತಿಯದು ಎಂದು ತಿಳಿಯಲು ಸುಲಭ ಉಪಾಯವಿದೆ. ಒಂದು ಸಾಲು ಕಾಪಿ ಮಾಡಿ ವಾಟ್ಸಾಪಿನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳಿ. ಕನ್ನಡವಾಗಿಯೇ ಬಂದರೆ ಯೂನಿಕೋಡ್. ಫಾಂಟಿನ ಹೆಸರು ತುಂಗಾ, ನಿರ್ಮಲಾ ಯುಐ, ನೋಟೊ ಎಂದಿದ್ದರೂ ಯೂನಿಕೋಡೇ. ನುಡಿ 01, ನುಡಿ 05 ಅಂತಿದ್ದರೆ ಮುಂದೆ ಓದಿ.

ಎಲ್ಲವನ್ನೂ ಮತ್ತೆ ಟೈಪ್ ಮಾಡಿಸಿಬಿಡೋಣ ಎಂದು ತಾಲ್ಲೂಕು ಕೇಂದ್ರದ ಡಿಟಿಪಿ ಅಂಗಡಿಗೆ ಹೋದೆ. ಪುಟಕ್ಕೆ 30 ರೂಪಾಯಿ ಎಂದರು. ಒಟ್ಟು ಪುಟ ಎಷ್ಟೆಂದು ಹೇಳಿದಾಗ ಅಂಗಡಿಯ ಹುಡುಗನೇ ನಕ್ಕು, "ಮೇಡಂ, ಈ ದುಡ್ಡಲ್ಲಿ ಒಂದು ಹೊಸ ಫೋನ್ ಬರುತ್ತೆ" ಎಂದ. ಅದೂ ಅಲ್ಲದೆ ಅವನು ಟೈಪ್ ಮಾಡಿಕೊಡುವುದೂ ನುಡಿಯಲ್ಲೇ! ಅವನು ಪುಟ ಕಟ್ಟುವುದು ಪೇಜ್‌ಮೇಕರ್‌ನಲ್ಲಿ, ಅದಕ್ಕೆ ಯೂನಿಕೋಡ್ ಕನ್ನಡ ಆಗಿಬರುವುದಿಲ್ಲ. ನಮ್ಮ ಕಡೆಯ ಪ್ರೆಸ್ಸುಗಳು ಇವತ್ತಿಗೂ ಹಳೆಯ ಫಾಂಟುಗಳನ್ನು ಬಿಡದಿರುವುದಕ್ಕೆ ಇದೇ ಮುಖ್ಯ ಕಾರಣ.

ಹಾಗಾಗಿ ದಸರಾ ರಜೆಯಲ್ಲಿ ನಾನೇ ಕೂತೆ. ನುಡಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಜಾಲತಾಣದಲ್ಲಿ ಉಚಿತವಾಗಿಯೇ ಸಿಗುತ್ತವೆ. ಎಡಗಡೆ ಪೆಟ್ಟಿಗೆಯಲ್ಲಿ ಹಾಕಿ ಗುಂಡಿ ಒತ್ತಿದರೆ ಕೆಳಗೋ ಬಲಕ್ಕೋ ಕನ್ನಡ ಬರುತ್ತದೆ. ಮೊದಲ ಪುಟ ಜೀವಶಾಸ್ತ್ರದ್ದು. ಒತ್ತಿದೆ, ಅಚ್ಚುಕಟ್ಟಾಗಿ ಬಂತು. ಇಷ್ಟು ಸುಲಭವಾ ಅಂದುಕೊಂಡು ರಸಾಯನಶಾಸ್ತ್ರದ ಪುಟ ಹಾಕಿದೆ.

ನೀರಿನ ಅಣುಸೂತ್ರ 'ಊ2ಔ' ಆಗಿತ್ತು. ಕಾರ್ಬನ್ ಡೈಆಕ್ಸೈಡ್ 'ಅಔ2'. ನಾಲ್ಕು ಆಯ್ಕೆಗಳ ಮುಂದಿನ ಎ, ಬಿ, ಸಿ, ಡಿ ಎಂಬ ಇಂಗ್ಲಿಷ್ ಅಕ್ಷರಗಳು ಕ್ರಮವಾಗಿ ಅನುಸ್ವಾರ, ವಿಸರ್ಗ, ಅ, ಆ ಆಗಿ ಕೂತಿದ್ದವು. ನೋಡಿದರೆ ನಗು ಬರುತ್ತದೆ, ಆದರೆ ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆಯಲ್ಲಿ ಸೂತ್ರ ಇಲ್ಲದ ಸಾಲು ಎಷ್ಟು ಸಿಗುತ್ತದೆ ಹೇಳಿ. ಪರಿವರ್ತಕದ ತಪ್ಪೇನೂ ಅಲ್ಲ ಅದು. ಅದಕ್ಕೆ ಕಾಣುವುದು ಬರೀ ಅಕ್ಷರ. ಯಾವುದು ನಿಜವಾದ ಇಂಗ್ಲಿಷ್, ಯಾವುದು ಕನ್ನಡದ ವೇಷದಲ್ಲಿರುವ ಇಂಗ್ಲಿಷ್ ಎಂಬುದು ಫಾಂಟ್ ನೋಡಿದರಷ್ಟೇ ಗೊತ್ತಾಗುವುದು. ಪೇಸ್ಟ್ ಮಾಡುವಾಗ ಆ ಫಾಂಟೇ ಹೋಗಿಬಿಟ್ಟಿರುತ್ತದೆ.

ಇದಕ್ಕೆ ನಾನು ಕಂಡುಕೊಂಡ ದಾರಿಯನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಗಣಿತ, ವಿಜ್ಞಾನದವರಿಗೆ ಬೇಕಾಗುತ್ತದೆ. ಅಂಕಿಗಳು ಪರಿವರ್ತನೆಯಲ್ಲಿ ಕೆಡುವುದಿಲ್ಲ (ಕನ್ನಡ ಅಂಕಿ ಬೇಕೇ, ಇಂಗ್ಲಿಷ್ ಅಂಕಿ ಬೇಕೇ ಎಂಬ ಆಯ್ಕೆ ಇದ್ದರೆ ಇಂಗ್ಲಿಷ್ ಇಟ್ಟುಕೊಳ್ಳಿ). ಆದ್ದರಿಂದ ವರ್ಡ್‌ನಲ್ಲೇ, ಪರಿವರ್ತನೆಗೆ ಮೊದಲು, ಪ್ರತಿ ಸೂತ್ರಕ್ಕೂ ಒಂದೊಂದು ಅಂಕಿ ಕೊಟ್ಟೆ: ನೀರಿಗೆ 9001, ಕಾರ್ಬನ್ ಡೈಆಕ್ಸೈಡಿಗೆ 9002, ಹೀಗೆ. ಫೈಂಡ್ ಅಂಡ್ ರಿಪ್ಲೇಸ್‌ನಲ್ಲಿ ಫಾಂಟ್ ಆಧಾರದ ಮೇಲೂ ಹುಡುಕಬಹುದು. ಮೋರ್ ಒತ್ತಿ, ಫಾರ್ಮ್ಯಾಟ್, ಫಾಂಟ್‌ಗೆ ಹೋಗಿ ಟೈಮ್ಸ್ ನ್ಯೂ ರೋಮನ್ ಆರಿಸಿದರೆ ಕಡತದಲ್ಲಿರುವ ಇಂಗ್ಲಿಷ್ ತುಣುಕುಗಳೆಲ್ಲ ಒಂದೊಂದಾಗಿ ಎದ್ದು ಬರುತ್ತವೆ. ಅಂಕಿ ಹಾಕಿ ಮುಗಿದ ಮೇಲೆ ಪರಿವರ್ತಿಸಿ, ಆಮೇಲೆ ಅಂಕಿಯ ಜಾಗಕ್ಕೆ ಸೂತ್ರ ತುಂಬಿ. ಯಾವ ಅಂಕಿ ಯಾವ ಸೂತ್ರಕ್ಕೆ ಎಂಬ ಪಟ್ಟಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಫಾರ್ಮ್ಸ್‌ನ ಪ್ರಶ್ನೆ, ಆಯ್ಕೆಗಳಲ್ಲಿ ಕೆಳಗಿನ ಸಣ್ಣ ಅಂಕಿಯನ್ನು ಫಾರ್ಮ್ಯಾಟ್ ಮಾಡಿ ಇಳಿಸಲು ಬರುವುದಿಲ್ಲ. ಯೂನಿಕೋಡ್‌ನಲ್ಲಿ ಆ ಪುಟ್ಟ ಅಂಕಿಗಳೇ ಬೇರೆ ಅಕ್ಷರಗಳಾಗಿ ಇವೆ, ಅವನ್ನು ಬಳಸಿ.

ಇನ್ನೊಂದು ಕಾಟ ಅರ್ಕಾವತ್ತಿನದು. ನುಡಿಯ ಹಳೆಯ ಸಂಕೇತದಲ್ಲಿ ಅದು ಅಕ್ಷರದ ಆಮೇಲೆ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು. ಪರಿವರ್ತಕ ಹಿಂದುಮುಂದು ಮಾಡಿ ಜೋಡಿಸಬೇಕು. ಒಳ್ಳೆಯ ಪರಿವರ್ತಕಗಳು ಸರಿಯಾಗಿಯೇ ಮಾಡುತ್ತವೆ; ಟೈಪ್ ಮಾಡಿದವರು ಅಕ್ಷರದ ಮಧ್ಯೆ ಎಲ್ಲೋ ಸ್ಪೇಸ್ ಒತ್ತಿದ್ದರೆ ಅಲ್ಲಿ ಎಡವುತ್ತವೆ. ನಮ್ಮ ಕನ್ನಡ ಮೇಷ್ಟ್ರಿಗೆ ನಿವೃತ್ತಿ ಹತ್ತಿರ, ಕಂಪ್ಯೂಟರ್ ಎಂದರೆ ಅಷ್ಟಕ್ಕಷ್ಟೆ. ಆದರೂ ಪ್ರಿಂಟ್ ತೆಗೆದು ಕೊಟ್ಟರೆ ಕೆಂಪು ಪೆನ್ನು ಹಿಡಿದು ಕೂರುತ್ತಿದ್ದರು. "ಅಲ್ಲಮ್ಮ, 'ವರ್ಗ' ಬರೆಯೋಕೆ ಬರದ ಮಿಷಿನ್ನು ನಿಮ್ಮ ಮಕ್ಕಳಿಗೆ ವಿಜ್ಞಾನ ಕಲಿಸುತ್ತಾ?" ಎಂದು ರೇಗಿಸುತ್ತಲೇ ಒಂದು ಪಟ್ಟಿ ಮಾಡಿಕೊಟ್ಟರು: ಅರ್ಕಾವತ್ತು, ಮೂರಕ್ಷರದ ಸಂಯುಕ್ತಾಕ್ಷರ, ಋಕಾರ, ಐಕಾರ ಬರುವ ಪದಗಳನ್ನು ಮಾತ್ರ ಕಣ್ಣಿಟ್ಟು ನೋಡು, ಉಳಿದದ್ದನ್ನು ನೋಡಿ ಕಣ್ಣು ಕೆಡಿಸಿಕೊಳ್ಳಬೇಡ ಅಂತ. ಆ ಪಟ್ಟಿ ಇಲ್ಲದಿದ್ದರೆ ರಜೆ ಸಾಲುತ್ತಿರಲಿಲ್ಲ.

ಕೈಬರಹದ, ಜೆರಾಕ್ಸ್ ಆದ ಹಳೆಯ ಪತ್ರಿಕೆಗಳೂ ಇದ್ದವು. ಕೈಬರಹದ ಆಸೆ ಬಿಟ್ಟೆ. ಅಚ್ಚಾದವುಗಳ ಫೋಟೊ ತೆಗೆದು ಗೂಗಲ್ ಡ್ರೈವ್‌ಗೆ ಹಾಕಿ, ಗೂಗಲ್ ಡಾಕ್ಸ್‌ನಲ್ಲಿ ತೆರೆ ಎಂದರೆ ಚಿತ್ರದ ಕೆಳಗೆ ಅಕ್ಷರಗಳು ಬರುತ್ತವೆ, ಕನ್ನಡಕ್ಕೂ ಇದು ಕೆಲಸ ಮಾಡುತ್ತದೆ. ಫೋಟೊ ನೇರವಾಗಿರಬೇಕು, ನೆರಳು ಬಿದ್ದಿರಬಾರದು, ಗಾತ್ರ 2 ಎಂಬಿ ಒಳಗಿದ್ದರೆ ಒಳ್ಳೆಯದು. ವಾಟ್ಸಾಪಿನಲ್ಲಿ ಬಂದ ಫೋಟೊ ಹಾಕಬೇಡಿ, ಅದು ಕುಗ್ಗಿ ಅಕ್ಷರ ಮಸುಕಾಗಿರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿಕೊಂಡರೆ ಸರಿ. ಎರಡು ಕಾಲಮ್ ಇರುವ ಪುಟ, ಹೊಂದಿಸಿ ಬರೆಯಿರಿ ಇರುವ ಪುಟ ಎರಡೂ ಕಲಸಿ ಬರುತ್ತವೆ. ಅಂಥವನ್ನು ಫೋನಿನ ಕೀಬೋರ್ಡಿನ ಮೈಕ್ ಒತ್ತಿ ಓದಿ ಹೇಳಿದೆ. ಜಿಬೋರ್ಡ್ ಕನ್ನಡವನ್ನು ಚೆನ್ನಾಗಿಯೇ ಕೇಳಿಸಿಕೊಳ್ಳುತ್ತದೆ, ಪಾರಿಭಾಷಿಕ ಪದಗಳಲ್ಲಿ ಮಾತ್ರ ಮುಗ್ಗರಿಸುತ್ತದೆ.

ಇಷ್ಟೆಲ್ಲ ಯಾಕೆ, ಎಐ ಹತ್ತಿರ ಹೊಸ ಪ್ರಶ್ನೆಗಳನ್ನೇ ಬರೆಸಬಾರದೇ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಬರೆಸಿ ನೋಡಿದೆ. ನಮ್ಮ ಪಠ್ಯಪುಸ್ತಕದಲ್ಲಿ 'ದ್ಯುತಿಸಂಶ್ಲೇಷಣೆ' ಎಂದಿರುವುದಕ್ಕೆ ಅದು 'ಪ್ರಕಾಶಸಂಶ್ಲೇಷಣೆ' ಎಂದು ಬರೆಯಿತು, ನಾಲ್ಕರಲ್ಲಿ ಎರಡು ಆಯ್ಕೆ ಸರಿಯಾಗಿರುವ ಪ್ರಶ್ನೆಗಳನ್ನೂ ಕೊಟ್ಟಿತು. ತಿದ್ದುವ ಹೊತ್ತಿಗೆ ಹಳೆಯದೇ ವಾಸಿ ಅನಿಸಿತು. ಮೇಷ್ಟ್ರು ಬಿಟ್ಟುಹೋದ ಪ್ರಶ್ನೆಗಳು ಮಕ್ಕಳು ಎಲ್ಲಿ ಎಡವುತ್ತಾರೆಂದು ನೋಡಿ ನೋಡಿ ಬರೆದವು. ತಪ್ಪು ಆಯ್ಕೆಗಳಲ್ಲೇ ಅವರ ಅನುಭವವೆಲ್ಲ ಇದೆ.

ಪರಿವರ್ತಿಸಿದ್ದನ್ನೆಲ್ಲ ವರ್ಡ್‌ನಲ್ಲೇ ಬಿಡದೆ ಗೂಗಲ್ ಶೀಟ್ಸ್‌ಗೆ ಹಾಕಿದೆ. ತರಗತಿ, ಅಧ್ಯಾಯ, ಪ್ರಶ್ನೆ, ಆಯ್ಕೆ, ಸರಿಯುತ್ತರ, ಯಾವ ವರ್ಷ ಕೇಳಿದ್ದು ಎಂಬ ಕಾಲಮ್‌ಗಳು. ನಾಲ್ಕು ಆಯ್ಕೆಗಳನ್ನು ಅಡ್ಡಕ್ಕೆ ನಾಲ್ಕು ಕಾಲಮ್‌ನಲ್ಲಿ ಇಡಬೇಡಿ, ಒಂದರ ಕೆಳಗೊಂದು ನಾಲ್ಕು ಸಾಲಾಗಿ ಇಡಿ. ಆ ನಾಲ್ಕನ್ನೂ ಒಟ್ಟಿಗೆ ಕಾಪಿ ಮಾಡಿ ಫಾರ್ಮ್ಸ್‌ನ ಮೊದಲ ಆಯ್ಕೆಯ ಜಾಗದಲ್ಲಿ ಪೇಸ್ಟ್ ಮಾಡಿದರೆ ತಾನಾಗಿಯೇ ನಾಲ್ಕು ಆಯ್ಕೆಗಳಾಗುತ್ತವೆ. ಶೀಟಿನಿಂದ ಇಡೀ ಫಾರ್ಮನ್ನೇ ಮಾಡಿಕೊಡುವ ಆಡ್ಆನ್ ಎಂಬ ಪುಟ್ಟ ತಂತ್ರಾಂಶಗಳಿವೆ. ನಾನು ನೋಡಿದ್ದು ನನ್ನ ಡ್ರೈವ್‌ನ ಎಲ್ಲ ಕಡತಗಳಿಗೂ ಅನುಮತಿ ಕೇಳಿತು. ಅಂಕಪಟ್ಟಿಗಳೆಲ್ಲ ಅಲ್ಲೇ ಇರುವಾಗ ಅದಕ್ಕೆ ನನಗೆ ಮನಸ್ಸು ಬರಲಿಲ್ಲ.

ಮೊದಲ ಫಾರ್ಮನ್ನು ಹತ್ತನೇ ತರಗತಿಯ ಪೋಷಕರ ವಾಟ್ಸಾಪ್ ಗುಂಪಿಗೆ ಹಾಕಿದೆ. ಅರ್ಧಕ್ಕರ್ಧ ಮಕ್ಕಳ ಉತ್ತರ ಬರಲೇ ಇಲ್ಲ. ಫೋನು ಅಪ್ಪನದು, ಅಪ್ಪ ಹೊಲದಿಂದ ಬರುವುದು ರಾತ್ರಿ, ಬರುವ ಹೊತ್ತಿಗೆ ಡೇಟಾ ಮುಗಿದಿರುತ್ತದೆ. ಅಣ್ಣತಂಗಿ ಒಂದೇ ಫೋನಿನಲ್ಲಿ ಉತ್ತರಿಸಿದರೆ ಒಂದೇ ಇಮೇಲ್ ವಿಳಾಸ ಬೀಳುತ್ತಿತ್ತು. ಇಮೇಲ್ ಸಂಗ್ರಹ ನಿಲ್ಲಿಸಿ, 'ಒಂದೇ ಉತ್ತರ' ಎಂಬ ನಿರ್ಬಂಧವನ್ನೂ ತೆಗೆದು, ಕ್ರಮಸಂಖ್ಯೆ ಮಾತ್ರ ಕೇಳಿದೆ. ಅದಕ್ಕೂ ಅಂಕಿ ಬಿಟ್ಟು ಬೇರೇನೂ ಹಾಕಲಾಗದಂತೆ ರೆಸ್ಪಾನ್ಸ್ ವ್ಯಾಲಿಡೇಶನ್ ಹಾಕಿದೆ. ಆಯ್ಕೆಗಳ ಕ್ರಮ ಕಲಸುವ ಶಫಲ್ ಆನ್ ಮಾಡಿದರೆ 'ಮೇಲಿನ ಎಲ್ಲವೂ' ಎಂಬುದು ಮೊದಲ ಸಾಲಿಗೆ ಬಂದು ಕೂರುತ್ತದೆ, ಅಂಥ ಪ್ರಶ್ನೆಗೆ ಶಫಲ್ ಬೇಡ. ಬಿಟ್ಟ ಸ್ಥಳ ತುಂಬಿ ಮಾದರಿಯನ್ನು ಸ್ವಯಂ ಮೌಲ್ಯಮಾಪನಕ್ಕೆ ಬಿಡಲೇಬೇಡಿ. ನೀವು ಕೊಟ್ಟ ಉತ್ತರಕ್ಕಿಂತ ಒಂದು ದೀರ್ಘ ಹೆಚ್ಚಾದರೂ, ಅಕ್ಷರ ಜೋಡಿಸಲು ಬಳಸುವ, ಕಣ್ಣಿಗೆ ಕಾಣದ ಚಿಹ್ನೆಯೊಂದು ಮಧ್ಯೆ ಸೇರಿದ್ದರೂ ಸೊನ್ನೆ ಬೀಳುತ್ತದೆ. ಸರಿ ಬರೆದ ಹುಡುಗಿಗೆ ಸೊನ್ನೆ ಬಂದು ಅವಳು ಅತ್ತದ್ದನ್ನು ನೋಡಿದ ಮೇಲೆ ಬಹುಆಯ್ಕೆಯ ಹೊರಗೆ ನಾನು ಹೋಗಿಲ್ಲ.

ಮನೆಯ ಫೋನನ್ನು ನಂಬಿದರೆ ಫೋನ್ ಇದ್ದವರಿಗೆ ಮಾತ್ರ ಪಾಠ ಎಂದಾಗುತ್ತದೆ. ಅದಕ್ಕೇ ಪ್ಲಿಕರ್ಸ್ ಕಡೆ ತಿರುಗಿದೆ.

ಗೊತ್ತಿಲ್ಲದವರಿಗೆ: ಇದರಲ್ಲಿ ಫೋನ್ ಬೇಕಾದ್ದು ಟೀಚರಿಗೆ ಮಾತ್ರ. ಪ್ರತಿ ಮಗುವಿಗೂ ಕಾಗದದ ಒಂದು ಕಾರ್ಡು, ಅದರ ಮೇಲೆ ಚೌಕಾಕಾರದ ಕಪ್ಪು ವಿನ್ಯಾಸ, ಒಬ್ಬರಿಗೆ ಇದ್ದಂತೆ ಇನ್ನೊಬ್ಬರಿಗಿಲ್ಲ. ನಾಲ್ಕು ಬದಿಗೂ ಎ, ಬಿ, ಸಿ, ಡಿ ಎಂದು ಸಣ್ಣದಾಗಿ ಬರೆದಿರುತ್ತದೆ. ತಮ್ಮ ಉತ್ತರದ ಬದಿ ಮೇಲೆ ಬರುವಂತೆ ಕಾರ್ಡ್ ತಿರುಗಿಸಿ ಹಿಡಿದರಾಯಿತು. ಟೀಚರು ಫೋನಿನ ಕ್ಯಾಮೆರಾವನ್ನು ತರಗತಿಯ ಮೇಲೆ ಒಮ್ಮೆ ಆಡಿಸಿದರೆ ಯಾರ ಉತ್ತರ ಏನು ಎಂದು ದಾಖಲಾಗುತ್ತದೆ. ಪಕ್ಕದವನ ಕಾರ್ಡ್ ನೋಡಿ ನಕಲು ಹೊಡೆಯೋಣವೆಂದರೆ ವಿನ್ಯಾಸವೇ ಬೇರೆ, ಅಕ್ಷರವೋ ಸಣ್ಣದು.

ಬೆಂಗಳೂರಿನಲ್ಲೇ 2015ರಲ್ಲಿ ಹುಟ್ಟಿದ ಕ್ವಿಜಿಜ್‌ನಲ್ಲೂ (2025ರಿಂದ ಅದರ ಹೆಸರು ವೇಗ್ರೌಂಡ್) ಕಾಗದದ ಕಾರ್ಡಿನ ಇಂಥದೇ ವಿಧಾನವಿದೆ. ಕಹೂಟ್ ಎಂಬ ಮತ್ತೊಂದು ರಸಪ್ರಶ್ನೆ ತಾಣ ನೋಡಲು ಚೆಂದ, ಆದರೆ ಮಕ್ಕಳ ಕೈಲಿ ಸಾಧನ ಬೇಕು. ಪ್ರಶ್ನೆಗೆ 120 ಅಕ್ಷರದ ಮಿತಿಯೂ ಇದೆ. ಕಂಪ್ಯೂಟರಿನ ಲೆಕ್ಕ ನಮ್ಮ ಲೆಕ್ಕದಂತಲ್ಲ, ನೆನಪಿರಲಿ. 'ಸೂಕ್ಷ್ಮದರ್ಶಕ' ನಮ್ಮ ಕಣ್ಣಿಗೆ ಐದಕ್ಷರ. ಯೂನಿಕೋಡ್ ಎಣಿಕೆಯಲ್ಲಿ ಸ್ವರಚಿಹ್ನೆ, ಹಲಂತ ಎಲ್ಲ ಸೇರಿ 12. ಇಂಗ್ಲಿಷಿನವರು ಹಾಯಾಗಿ ಬರೆಯುವ ಪ್ರಶ್ನೆ ಕನ್ನಡದಲ್ಲಿ ಮಧ್ಯಕ್ಕೇ ಕಡಿದುಹೋಗುತ್ತದೆ.

ಕಾರ್ಡು ಮುದ್ರಿಸುವುದಕ್ಕಿಂತ ಅನುಮತಿ ಪಡೆಯುವುದಕ್ಕೆ ಹೆಚ್ಚು ದಿನ ಹಿಡಿಯಿತು. ತರಗತಿಗೆ ಶಿಕ್ಷಕರು ಮೊಬೈಲ್ ಒಯ್ಯಬಾರದು ಎಂದು ನಮ್ಮ ಶಾಲೆಯ ಸಭೆಯಲ್ಲಿ ತೀರ್ಮಾನವಾಗಿ ಎಲ್ಲರ ಸಹಿಯೂ ಆಗಿತ್ತು, ನನ್ನದೂ ಸೇರಿ. ಮುಖ್ಯ ಶಿಕ್ಷಕರನ್ನು ಕೇಳಿದೆ. "ನನಗೇನೂ ಅಡ್ಡಿ ಇಲ್ಲ ಮೇಡಂ. ಆದ್ರೆ ನಾಳೆ ವಿಸಿಟಿಗೆ ಬಂದೋರು ನಿಮ್ಮ ಕೈಲಿ ಮೊಬೈಲ್ ನೋಡಿದ್ರೆ ಉತ್ತರ ಕೊಡಬೇಕಾದೋನು ನಾನು. ಬರವಣಿಗೇಲಿ ಕೊಡಿ" ಎಂದರು. ಕೊಟ್ಟೆ. ಯಾವ ತರಗತಿ, ಯಾವ ಅವಧಿ, ಯಾವ ಅಧ್ಯಾಯ, ಎಷ್ಟು ನಿಮಿಷ ಎಂದು ಬರೆದು, ಪಾಠ ಯೋಜನೆಯ ಪ್ರತಿ ಲಗತ್ತಿಸಿ, ಒಂದು ಕಾರ್ಡಿನ ಮಾದರಿಯನ್ನೂ ಪಿನ್ ಮಾಡಿದೆ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಇಟ್ಟು ನಡಾವಳಿ ಬರೆಸೋಣ ಎಂದರು. ಅದು ರಾಗಿ ಕಟಾವಿನ ಸಮಯ. ಸಭೆ ಮುಂದಕ್ಕೆ ಹೋಯಿತು, ಮತ್ತೆ ಮುಂದಕ್ಕೆ ಹೋಯಿತು. ಸಭೆ ಕೂಡಿದ ದಿನ ಬಿಸಿಯೂಟದ ಸಿಲಿಂಡರ್, ಕಾಂಪೌಂಡ್ ಗೋಡೆ ಮುಗಿದು ನನ್ನ ವಿಷಯ ಬರುವ ಹೊತ್ತಿಗೆ ನಾಲ್ಕೂವರೆಯ ಬಸ್ ಹಿಡಿಯಲು ಅರ್ಧ ಜನ ಎದ್ದಿದ್ದರು. ಅಧ್ಯಕ್ಷರು ಮಾತ್ರ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, "ಇದಕ್ಕೆ ನಮ್ಮ ಹುಡುಗರ ಫೋಟೊ ಬೀಳುತ್ತಾ?" ಎಂದು ಕೇಳಿದರು.

ಆ ದಿನ ಬಂದ ಪ್ರಶ್ನೆಗಳಲ್ಲಿ ತೂಕದ್ದು ಅದೇ. ಈ ಆ್ಯಪ್ ಕಾರ್ಡಿನ ವಿನ್ಯಾಸ ಓದುತ್ತದೆ, ಮಕ್ಕಳ ಮುಖ ತೆಗೆದಿಡಬೇಕಿಲ್ಲ. ಆದರೆ ಹೆಸರುಗಳನ್ನು ತುಂಬಿಸಿದರೆ ಅವು ಹೊರದೇಶದ ಕಂಪನಿಯೊಂದರ ಕಂಪ್ಯೂಟರಿಗೆ ಹೋಗುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರೆಲ್ಲರನ್ನೂ ಮಕ್ಕಳೆಂದೇ ಪರಿಗಣಿಸುತ್ತದೆ, ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ನಾನು ಹೆಸರು ಹಾಕಲಿಲ್ಲ. '10ಎ' ಎಂದು ತರಗತಿ ಮಾಡಿ ಒಂದು, ಎರಡು, ಮೂರು ಎಂದು ಸಂಖ್ಯೆಗಳನ್ನೇ ಹೆಸರಾಗಿ ಕೊಟ್ಟೆ. ಯಾವ ಸಂಖ್ಯೆ ಯಾರು ಎಂಬುದು ನನ್ನ ಹಾಜರಿ ಪುಸ್ತಕದಲ್ಲಿದೆ. ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ಪ್ರತಿ ಮಗುವನ್ನು ಗುರುತಿಸುವ ಸ್ಯಾಟ್ಸ್ ಸಂಖ್ಯೆಯನ್ನಂತೂ ಇಂಥ ಯಾವ ಜಾಲತಾಣಕ್ಕೂ ಕೊಡಬೇಡಿ. ಇದನ್ನು ವಿವರಿಸಿದ ಮೇಲೆ ಅಧ್ಯಕ್ಷರು ಸಹಿ ಹಾಕಿದರು.

ಕಾರ್ಡುಗಳ ಪಿಡಿಎಫ್ ಪ್ಲಿಕರ್ಸ್ ತಾಣದಲ್ಲೇ ಉಚಿತವಾಗಿ ಸಿಗುತ್ತದೆ. 40 ಕಾರ್ಡಿನ ಕಟ್ಟು ಸಾಮಾನ್ಯ. ನಮ್ಮಂತೆ 50 ದಾಟಿದ ತರಗತಿಯವರು 63ರ ಕಟ್ಟು ಇಳಿಸಿಕೊಳ್ಳಿ. ಪುಟಕ್ಕೆರಡು ಕಾರ್ಡು. ತೆಳು ಹಾಳೆಯಲ್ಲಿ ಮಾಡಿಸಿದರೆ ವಾರಕ್ಕೇ ಮಡಚಿ ಹೋಗುತ್ತದೆ, ಮದುವೆ ಕಾರ್ಡಿನ ಥರದ ದಪ್ಪ ಹಾಳೆ ಕೇಳಿ. ನನಗೆ ಹಾಳೆ, ಮುದ್ರಣ ಎಲ್ಲ ಸೇರಿ 400 ರೂಪಾಯಿಯ ಆಸುಪಾಸು ಆಯಿತು. ಅಂಗಡಿಯವನು "ಲ್ಯಾಮಿನೇಷನ್ ಮಾಡ್ಸಿ ಮೇಡಂ, ಗಟ್ಟಿ ಬರುತ್ತೆ" ಎಂದ. ಹೊಳೆಯುವ ಲ್ಯಾಮಿನೇಷನ್ ಬೇಡವೇ ಬೇಡ. ಕಿಟಕಿಯ ಬೆಳಕು ಅದರ ಮೇಲೆ ಬಿದ್ದರೆ ಕ್ಯಾಮೆರಾಗೆ ಬರೀ ಬಿಳುಪು ಕಾಣುತ್ತದೆ.

ಪ್ರಾಜೆಕ್ಟರ್ ಶಾಲೆಯಲ್ಲಿತ್ತು, ನನ್ನ ಲ್ಯಾಪ್‌ಟಾಪಿಗೆ ಅದರ ವೈರು ಹೊಂದುತ್ತಿರಲಿಲ್ಲ. ಎಚ್‌ಡಿಎಂಐನಿಂದ ವಿಜಿಎಗೆ ಬದಲಿಸುವ ಅಡಾಪ್ಟರು 350 ರೂಪಾಯಿ. ಕಂಪ್ಯೂಟರ್ ಕೊಠಡಿಯ ಹಳೆಯ ಯಂತ್ರಗಳಲ್ಲಿ ಇರುವುದು ವಿಂಡೋಸ್ 7. ಅದರಲ್ಲಿ ಕ್ರೋಮ್ 109ನೇ ಆವೃತ್ತಿಗೇ ನಿಂತುಹೋಗಿದೆ, ಹಲವು ತಾಣಗಳು ಸರಿಯಾಗಿ ತೆರೆಯುವುದಿಲ್ಲ. ನಿಮ್ಮಲ್ಲೂ ಹಾಗಿದ್ದರೆ ಫೈರ್‌ಫಾಕ್ಸ್‌ನ 115 ಇಎಸ್‌ಆರ್ ಆವೃತ್ತಿ ಹಾಕಿ ನೋಡಿ, ಅದು ವಿಂಡೋಸ್ 7ರಲ್ಲಿ ಓಡುತ್ತದೆ.

ಮೊದಲ ದಿನ ಅರ್ಧ ಪೀರಿಯಡ್ಡು ಕಾರ್ಡ್ ಹಿಡಿಯುವುದನ್ನು ಕಲಿಸುವುದರಲ್ಲೇ ಹೋಯಿತು. ಹೆಬ್ಬೆರಳು ವಿನ್ಯಾಸದ ಮೇಲೆ ಬಂದರೆ ಕಾರ್ಡು ಓದಿಸಿಕೊಳ್ಳುವುದಿಲ್ಲ. ಮುಂದಿನ ಬೆಂಚಿನವರು ತಲೆಯ ಮೇಲೆತ್ತಿ ಹಿಡಿದರೆ ಹಿಂದಿನವರದು ಮುಚ್ಚಿಹೋಗುತ್ತದೆ. ಎದೆಯ ಮಟ್ಟಕ್ಕೆ ಹಿಡಿಯಿರಿ ಎಂದು ಹೇಳಬೇಕು. "ಮಿಸ್, ನಂದು ಬಂತಾ? ಮಿಸ್, ನಂದು?" ಎಂಬ ಗದ್ದಲಕ್ಕೆ ಪಕ್ಕದ ತರಗತಿಯ ಗಣಿತದ ಸರ್ ಬಂದು ಇಣುಕಿದರು.

ವಿದ್ಯುಚ್ಛಕ್ತಿ ಅಧ್ಯಾಯದಿಂದ ಹಳೆಯ ಪೆನ್‌ಡ್ರೈವ್‌ನ ಒಂದು ಪ್ರಶ್ನೆ ಹಾಕಿದ್ದೆ. ಒಂದೇ ಬಗೆಯ ಎರಡು ಬಲ್ಬುಗಳು ಸರಣಿಯಲ್ಲಿವೆ, ಯಾವುದು ಹೆಚ್ಚು ಬೆಳಗುತ್ತದೆ? 'ಬ್ಯಾಟರಿಯ ಧನಾಗ್ರಕ್ಕೆ ಹತ್ತಿರವಿರುವುದು' ಎಂಬ ತಪ್ಪು ಆಯ್ಕೆಯ ಕಡೆಗೆ ತರಗತಿಯ ಬಹುಪಾಲು ಕಾರ್ಡುಗಳು ತಿರುಗಿದ್ದವು. ಹಿಂದಿನ ವಾರವಷ್ಟೇ ಇದೇ ಪಾಠ ಮಾಡಿದ್ದೆ, "ಅರ್ಥ ಆಯ್ತಾ?" ಎಂದಾಗ "ಆಯ್ತು ಮಿಸ್" ಎಂದು ಒಕ್ಕೊರಲಿನಿಂದ ಹೇಳಿದ್ದರು. ಯಾವಾಗಲೂ ಕೈ ಎತ್ತುವ ಇಬ್ಬರು ಹುಡುಗಿಯರೂ ತಪ್ಪು ಗುಂಪಿನಲ್ಲಿದ್ದರು. ಎಂದೂ ಬಾಯಿ ಬಿಡದ, ಹಿಂದಿನ ಬೆಂಚಿನ ಒಬ್ಬ ಸರಿಯುತ್ತರ ಹಿಡಿದಿದ್ದ. ಯಾಕೆ ಎಂದು ಕೇಳಿದೆ. ಅವನ ಮಾವನದು ಮೋಟಾರ್ ರಿವೈಂಡಿಂಗ್ ಅಂಗಡಿ. "ಹೋದ ಕರೆಂಟೇ ಅಲ್ವಾ ಮಿಸ್ ವಾಪಸ್ ಬರೋದು, ಮಧ್ಯೆ ಎಲ್ಲಿ ಕಮ್ಮಿ ಆಗುತ್ತೆ?" ಎಂದ. ಪಠ್ಯಪುಸ್ತಕದಲ್ಲಿ ಇದನ್ನು ಇಷ್ಟು ಚೆನ್ನಾಗಿ ಹೇಳಿಲ್ಲ.

ಅವನ ಮಾತನ್ನು ಉಳಿದವರಿಗೆ ತೋರಿಸಲು, ಪ್ರಯೋಗವನ್ನು ಪರದೆಯ ಮೇಲೇ ಮಾಡಿ ನೋಡಬಹುದಾದ ಫೆಟ್ ಸಿಮ್ಯುಲೇಶನ್ ತೆರೆದೆ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ, ಭೌತಶಾಸ್ತ್ರದ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಶುರುಮಾಡಿದ ಯೋಜನೆ ಇದು. ಪೂರ್ತಿ ಉಚಿತ, ಕನ್ನಡಕ್ಕೆ ಬಂದಿರುವ ಸಿಮ್ಯುಲೇಶನ್‌ಗಳ ಪಟ್ಟಿಯೂ ಅಲ್ಲೇ ಇದೆ. ನಮ್ಮಂಥ ಕಡೆ ನೆಟ್‌ವರ್ಕ್ ನಂಬಿ ಕೂರುವ ಹಾಗಿಲ್ಲ. ಡೌನ್‌ಲೋಡ್ ಗುಂಡಿ ಒತ್ತಿದರೆ ಒಂದೇ ಒಂದು ಎಚ್‌ಟಿಎಂಎಲ್ ಕಡತ ಇಳಿಯುತ್ತದೆ. ಪೆನ್‌ಡ್ರೈವ್‌ನಲ್ಲಿಟ್ಟು ಯಾವ ಬ್ರೌಸರಿನಲ್ಲಾದರೂ ಇಂಟರ್‌ನೆಟ್ ಇಲ್ಲದೆ ತೆರೆಯಬಹುದು. ಸರ್ಕಿಟ್ ಕಟ್ಟುವ ಸಿಮ್ಯುಲೇಶನ್‌ನಲ್ಲಿ ಎರಡು ಬಲ್ಬು ಜೋಡಿಸಿ, ಅಮ್ಮೀಟರನ್ನು ಮೂರು ಕಡೆ ಇಟ್ಟು ತೋರಿಸಿದೆ. ಮೂರೂ ಕಡೆ ಒಂದೇ ಓದು. ಬ್ಯಾಟರಿ ತಿರುಗಿಸಿ ಹಾಕಿ ಮಿಸ್ ಎಂದರು, ಹಾಕಿದೆ. ಅದೇ ಪ್ರಶ್ನೆಗೆ ಮತ್ತೆ ಕಾರ್ಡ್ ಎತ್ತಿಸಿದಾಗ ಚಿತ್ರವೇ ಬದಲಾಗಿತ್ತು. ಅದೇ ಹೊತ್ತಿಗೆ ಕರೆಂಟ್ ಹೋಯಿತು, ಪ್ರಾಜೆಕ್ಟರ್ ಆರಿತು. ಫೋನಿನ ಸ್ಕ್ಯಾನ್ ಮಾತ್ರ ನಡೆಯುತ್ತಿತ್ತು. ಆದ್ದರಿಂದ ಪ್ರಶ್ನೆಗಳನ್ನು ಬೋರ್ಡಿನ ಮೇಲೆ ಬರೆದೋ ಚಾರ್ಟಿನಲ್ಲೋ ಸಿದ್ಧ ಇಟ್ಟುಕೊಳ್ಳಿ, ಪ್ರಾಜೆಕ್ಟರ್ ಇಲ್ಲದೆಯೂ ಪ್ಲಿಕರ್ಸ್ ನಡೆಯುತ್ತದೆ. ಫೋನಿಗೆ ಇಂಟರ್‌ನೆಟ್ ಇರಬೇಕು, ಅಷ್ಟೆ.

ಇದಾದಮೇಲೆ ನನ್ನ ಉತ್ಸಾಹ ಹೆಚ್ಚಾಗಿ ಮುಂದಿನ ಘಟಕ ಪರೀಕ್ಷೆಯ ಪತ್ರಿಕೆಯನ್ನೂ ಯೂನಿಕೋಡ್‌ನಲ್ಲೇ ಮಾಡಿದೆ. ನುಡಿಯಲ್ಲಿ ಎರಡು ಪುಟಕ್ಕೆ ಕೂರುತ್ತಿದ್ದದ್ದು ಮೂರನೆಯದಕ್ಕೆ ಹರಿಯಿತು. ಯೂನಿಕೋಡ್ ಫಾಂಟುಗಳು ಒತ್ತಕ್ಷರಕ್ಕಾಗಿ ಸಾಲಿನ ಕೆಳಗೆ ಜಾಗ ಬಿಡುತ್ತವೆ. ಜಾಗ ಉಳಿಸಲು ಲೈನ್ ಸ್ಪೇಸಿಂಗನ್ನು 'ಎಕ್ಸಾಕ್ಟ್ಲಿ' ಎಂದು ಬಿಗಿ ಮಾಡಿದರೆ ಪರದೆಯ ಮೇಲೂ ಪ್ರಿಂಟಿನಲ್ಲೂ ಒತ್ತುಗಳ ಬುಡ ಕತ್ತರಿಸಿಹೋಗುತ್ತದೆ. 'ಮಲ್ಟಿಪಲ್' ಇಟ್ಟು 0.9ರ ಸುತ್ತ ಹೊಂದಿಸಿಕೊಳ್ಳಿ, ಅಕ್ಷರದ ಗಾತ್ರ ಅರ್ಧ ಪಾಯಿಂಟ್ ಇಳಿಸಿ. ತುಂಗಾ ಫಾಂಟ್ ಅಚ್ಚಿನಲ್ಲಿ ತೆಳು ಅನಿಸಿತು, ನೋಟೊ ಸೆರಿಫ್ ಕನ್ನಡ ಹಿಡಿಸಿತು, ಅದೂ ಉಚಿತ. ಬೇರೆಯವರಿಗೆ ಕಳಿಸುವಾಗ ವರ್ಡ್ ಕಡತದ ಬದಲು ಪಿಡಿಎಫ್ ಕಳಿಸಿದರೆ ಫಾಂಟಿನ ರಗಳೆ ಇರುವುದಿಲ್ಲ.

ನುಡಿಯ ಕೀಲಿಮಣೆ ಕೈಗೆ ಅಂಟಿಕೊಂಡಿದೆ, ಹೊಸದು ಯಾರು ಕಲೀತಾರೆ ಎಂದು ಹಲವರು ಕೇಳುತ್ತಾರೆ. ಕಲಿಯಬೇಕಿಲ್ಲ. ನುಡಿಯ ಈಚಿನ ಆವೃತ್ತಿಗಳಲ್ಲೇ ಯೂನಿಕೋಡ್ ಆಯ್ಕೆ ಇದೆ, ಬೆರಳು ಅದೇ ಕೀಲಿಗಳ ಮೇಲೆ ಓಡಿದರೂ ಒಳಗೆ ಕೂರುವುದು ಯೂನಿಕೋಡ್. ವಿಂಡೋಸ್ ಬದಲು ಉಬುಂಟು ಬಳಸುವವರಿಗೂ ಕೆಜಿಪಿ (ಕನ್ನಡ ಗಣಕ ಪರಿಷತ್ತು) ಹೆಸರಿನ ಅದೇ ವಿನ್ಯಾಸ ಸಿಗುತ್ತದೆ.

ಪಠ್ಯಪುಸ್ತಕದ ಕ್ಯೂಆರ್ ಕೋಡ್ ಬಗ್ಗೆಯೂ ಒಂದು ಮಾತು. ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ, ಡಿಜಿಟಲ್ ಪಾಠಗಳಿರುವ ದೀಕ್ಷಾ ತಾಣಕ್ಕೆ ಅದು ಕರೆದೊಯ್ಯುತ್ತದೆ. ಪುಸ್ತಕ ಹಳತಾಗಿ ಕೋಡ್ ಅಳಿಸಿಹೋಗಿದ್ದರೆ ಅದರ ಕೆಳಗಿರುವ ಆರು ಅಕ್ಷರ, ಅಂಕಿಗಳನ್ನು ಆ್ಯಪ್‌ನಲ್ಲಿ ಟೈಪ್ ಮಾಡಿದರೂ ಅದೇ ಪಾಠ ತೆರೆಯುತ್ತದೆ. ವಿಡಿಯೊಗಳನ್ನು ಮನೆಯಲ್ಲೇ ಇಳಿಸಿಕೊಂಡು ಹೋಗಿ, ತರಗತಿಯಲ್ಲಿ ತಿರುಗುವ ಚಕ್ರ ನೋಡುತ್ತ ಕೂರುವುದು ತಪ್ಪುತ್ತದೆ. ಗೂಗಲ್ ಖಾತೆಯಲ್ಲಿ ಉಚಿತವಾಗಿ ಸಿಗುವುದು ಮೇಲ್, ಫೋಟೊ ಎಲ್ಲ ಸೇರಿ 15 ಜಿಬಿ. ನನ್ನ ಪ್ರಶ್ನೆಕೋಶಕ್ಕೆಂದೇ ಬೇರೆ ಖಾತೆ ಮಾಡಿದ್ದೇನೆ. ಎರಡು ವರ್ಷ ಮುಟ್ಟದೆ ಬಿಟ್ಟರೆ ಗೂಗಲ್ ಖಾತೆಯನ್ನೇ ಅಳಿಸಬಹುದು, ಆಗಾಗ ಒಳಹೊಕ್ಕು ಬನ್ನಿ. ಮೂಲ ನುಡಿ ಕಡತಗಳನ್ನು ಎಸೆಯಬೇಡಿ. ಪ್ರೆಸ್ಸಿನವರು ಕೇಳುವುದು ಇನ್ನೂ ಅದನ್ನೇ.

ಸಹೋದ್ಯೋಗಿಗಳಿಗೆ ಶೀಟ್ ಹಂಚುವಾಗ 'ವ್ಯೂವರ್' ಅನುಮತಿ ಮಾತ್ರ ಕೊಟ್ಟೆ, ಬೇಕಾದವರು ಪ್ರತಿ ಮಾಡಿಕೊಳ್ಳುತ್ತಾರೆ. ಈಗ ಸಮಾಜ ವಿಜ್ಞಾನದ ಮೇಡಂ ತಮ್ಮ ಪೆನ್‌ಡ್ರೈವ್ ತಂದುಕೊಟ್ಟಿದ್ದಾರೆ. ತೆರೆದು ನೋಡಿದರೆ ಅರ್ಧ ನುಡಿ, ಉಳಿದರ್ಧ ಶ್ರೀಲಿಪಿ ಎಂಬ ಮತ್ತೊಂದು ಹಳೆಯ ತಂತ್ರಾಂಶದ್ದು. ಶ್ರೀಲಿಪಿಯ ಸಂಕೇತಗಳೇ ಬೇರೆ, ನುಡಿ ಪರಿವರ್ತಕಕ್ಕೆ ಹಾಕಿದರೆ ಅರ್ಥವಿಲ್ಲದ ಅಕ್ಷರ ಬರುತ್ತದೆ. ಅವನ್ನು ಪ್ರಿಂಟ್ ತೆಗೆದು, ಫೋಟೊ ಹೊಡೆದು, ಡ್ರೈವ್‌ನಲ್ಲಿ ಓದಿಸಬೇಕು. ಬೇಸಿಗೆ ರಜೆಗೆ ಅದನ್ನು ಇಟ್ಟುಕೊಂಡಿದ್ದೇವೆ; ಕೆಂಪು ಪೆನ್ನು ತಂದು ಕೂರಲು ಕನ್ನಡ ಮೇಷ್ಟ್ರು ಒಪ್ಪಿದ್ದಾರೆ, ಮಧ್ಯಾಹ್ನದ ಊಟ ಮೇಡಂ ಕಡೆಯಿಂದ ಎಂಬ ಷರತ್ತಿನ ಮೇಲೆ.